ನಲವತ್ತು ಸ್ಲೀಪರ್ ದೂರದ ಬಾವಿ

೧೯೭೯ರಲ್ಲಿ ನಾನು ಓದು ಬಿಟ್ಟೆ. ಏಳನೇ ಕ್ಲಾಸು ಪಾಸಾಗಿತ್ತು. ಎಂಟಕ್ಕೆ ಪರಶುರಾಂಪುರಕ್ಕೆ ಹೋಗಬೇಕಿತ್ತು, ಆದರೆ ಅಪ್ಪನ ಕುರಿ ಹಿಂಡು ಆ ವರ್ಷ ನೂರು ದಾಟಿತ್ತು. "ಇಸ್ಕೂಲು ನೀನಿಲ್ದಿದ್ರೂ ನಡಿತೈತೆ ಕಣಲೇ, ಕುರಿ ನಡಿಯಲ್ಲ" ಅಂದ ಅಪ್ಪ. ಅದಕ್ಕೆ ಎದುರು ಹೇಳುವಷ್ಟು ನಾನು ಓದಿರಲಿಲ್ಲ. ಸಂಜೆ ರೊಪ್ಪದ ಬಾಗಿಲಲ್ಲಿ ನಿಂತು ಒಳಗೆ ನುಗ್ಗುವ ಕುರಿಗಳನ್ನು ಎಣಿಸುವುದು ನನ್ನ ಪಾಲಿನ ಕೆಲಸ. ಕುರಿ ನಿಂತು ಎಣಿಸಿಕೊಳ್ಳುವ ಪ್ರಾಣಿಯಲ್ಲ. ಒಂದರ ಮೇಲೊಂದು ಹತ್ತಿ, ಎರಡು ಒಟ್ಟಿಗೆ ನುಗ್ಗಿ, ಮೂರನೆಯದು ಕಾಲ ಸಂದಿಯಲ್ಲಿ ತೂರುತ್ತದೆ. ಆರು ವರ್ಷ ಎಣಿಸಿದೆ, ಒಂದೇ ಒಂದು ಕುರಿ ತಪ್ಪಲಿಲ್ಲ. ಈ ಮಾತು ನೆನಪಿರಲಿ. ಊರೆಲ್ಲ ನೋಡುತ್ತಿರುವಾಗ ನನ್ನ ಎಣಿಕೆ ಕೈಕೊಟ್ಟ ಪ್ರಸಂಗ ಮುಂದೆ ಬರುತ್ತದೆ.

ಇಪ್ಪತ್ತನೇ ವಯಸ್ಸಿಗೆ ರೈಲ್ವೆ ಗ್ಯಾಂಗಿಗೆ ಸೇರಿದೆ. ಆಮೇಲೆ ಪಾಯಿಂಟ್ಸ್‌ಮನ್ ಆದೆ. ಅಂದರೆ ರೈಲು ಯಾವ ಹಳಿಗೆ ಹೋಗಬೇಕೋ ಆ ಹಳಿಗೆ ದಾರಿ ಕೂಡಿಸುವವನು. ಚಳ್ಳಕೆರೆಗೂ ಮೊಳಕಾಲ್ಮೂರಿಗೂ ನಡುವಿನ ಒಂದು ಸಣ್ಣ ಸ್ಟೇಷನ್ನಿನಲ್ಲೇ ಕೆಲಸ ಮಾಡಿ ಅಲ್ಲಿಂದಲೇ ನಿವೃತ್ತನಾದೆ. ಸ್ಟೇಷನ್ನಿನ ಹೆಸರು ಬರೆಯುವುದಿಲ್ಲ. ಇದರಲ್ಲಿ ಬರುವವರೆಲ್ಲ ಇನ್ನೂ ಅಲ್ಲೇ ಟೀ ಕುಡಿಯುತ್ತಾರೆ, ನಾನೂ ಅಲ್ಲೇ ಕುಡಿಯಬೇಕು.

ಈಗ ಕೆಲಸಕ್ಕೆ ಸೇರುವ ಹುಡುಗರು ಬಡ್ತಿ ಎಷ್ಟು ವರ್ಷಕ್ಕೆ ಸಿಕ್ಕಿತು ಎಂದು ಕೇಳುತ್ತಾರೆ. ಅದೆಲ್ಲ ನನ್ನ ಸರ್ವೀಸ್ ಪುಸ್ತಕದಲ್ಲಿದೆ, ಇಲಿ ತಿಂದಿರದಿದ್ದರೆ. ನಾನು ಬರೆಯುತ್ತಿರುವುದು ಒಂದು ಬಾವಿಯ ಬಗ್ಗೆ, ಮತ್ತು ಆ ಬಾವಿಗೆ ನನ್ನ ಕೈಯಾರೆ ಎಸೆದು ಮೂವತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದ ಒಂದು ಹಿತ್ತಾಳೆ ಗಂಟೆಯ ಬಗ್ಗೆ.

ಆಗ ನಮ್ಮದು ಮೀಟರ್ ಗೇಜ್, ಅಂದರೆ ಸಣ್ಣ ಹಳಿ. ಒಂದು ಕೋಣೆಯ ಕಲ್ಲಿನ ಸ್ಟೇಷನ್ನು, ಒಂದು ಹುಣಸೆಮರ, ಪಕ್ಕದಲ್ಲಿ ಬಾವಿ. ಕರಿ ಎಂಜಿನ್ನುಗಳು ಆ ಬಾವಿಯ ನೀರು ಕುಡಿದೇ ಮುಂದಕ್ಕೆ ಹೋಗುತ್ತಿದ್ದವು. ಹಿಂದಿನ ಸ್ಟೇಷನ್ನಿನಿಂದ ರೈಲು ಹೊರಟಿತೆಂದು ತಿಳಿದ ಕೂಡಲೇ ನಾನು ಗಂಟೆ ಹೊಡೆಯಬೇಕು. ಆ ಗಂಟೆ ಊರಿನ ಕೊನೆಯ ಮನೆಗೂ ಕೇಳುತ್ತಿತ್ತು. ಗಂಟೆ ಕೇಳಿದ ಮೇಲೆ ಹೆಂಗಸರು ಮುದ್ದೆಗೆ ಎಸರಿಡುತ್ತಿದ್ದರು. ಮುದ್ದೆ ತಿರುವಿ, ಉಂಡು, ಕೈ ತೊಳೆದು, ಸೆರಗಿಗೆ ಒರೆಸಿಕೊಳ್ಳುತ್ತ ಬಂದರೂ ರೈಲು ಸಿಗುತ್ತಿತ್ತು. ಸಿಗದಿದ್ದರೆ ನನ್ನನ್ನೇ ಬೈಯುತ್ತಿದ್ದರು. "ಇವತ್ತು ಗಂಟೆ ತಡವಾಗಿ ಹೊಡೆದ್ಯಲ್ಲೋ, ಮುದ್ದೆ ಗಂಟಾತು!" ಎಂದು ಒಬ್ಬಾಕೆ ಗಾರ್ಡಿನ ಎದುರೇ ನನ್ನ ಮಾನ ಕಳೆದಿದ್ದಳು.

ಸ್ಟೇಷನ್ ಮಾಸ್ತರ್ ಅನಂತಯ್ಯನವರು. ತಲೆಗೆ ಟೋಪಿ ಇಲ್ಲದೆ ಹಸಿರು ಬಾವುಟ ಮುಟ್ಟುತ್ತಿರಲಿಲ್ಲ. ಒಮ್ಮೆ ಟೋಪಿಯನ್ನು ಮೇಕೆ ಕಚ್ಚಿಕೊಂಡು ಹೋದಾಗ ತಲೆಗೆ ಟವಲು ಸುತ್ತಿಕೊಂಡು ರೈಲು ಬಿಟ್ಟರು. ಕಂಡದ್ದನ್ನೆಲ್ಲ ಬರೆದಿಡುವ ಹುಚ್ಚು ಅವರಿಗೆ. ಗ್ಯಾಂಗಿನವರಾದ ನಮಗೆ ಬರೆಯುವ ಅಭ್ಯಾಸವೇ ಇರಲಿಲ್ಲ. ನಾವು ಎಲ್ಲವನ್ನೂ ಸ್ಲೀಪರಿನಲ್ಲಿ ಅಳೆಯುತ್ತಿದ್ದೆವು. ಹಳಿಯ ಕೆಳಗೆ ಅಡ್ಡ ಹಾಕಿರುತ್ತಾರಲ್ಲ, ಆ ತೊಲೆಗಳು. "ಮೋರಿಯಿಂದ ಹನ್ನೊಂದನೇ ಸ್ಲೀಪರ್ ಹತ್ರ ಬೋಲ್ಟು ಸಡಿಲ ಐತೆ", "ಇಪ್ಪತ್ತನೇದರ ಹತ್ರ ಹಾವಿನ ಹುತ್ತ ಐತೆ, ಹುಷಾರು", ಹೀಗೆ. ಬಾವಿ ಇದ್ದದ್ದು ಮೋರಿಯಿಂದ ನಲವತ್ತನೇ ಸ್ಲೀಪರಿನ ನೇರಕ್ಕೆ, ಹಳಿಯಿಂದ ಎಂಟು ಹೆಜ್ಜೆ ಒಳಗೆ.

"ಎಣಿಸಿದ್ದು ಸಾಲದು ತಿಪ್ಪೇಸ್ವಾಮಿ, ಬರಿ" ಅನ್ನುತ್ತಿದ್ದರು ಅನಂತಯ್ಯನವರು.

"ಬರದ್ರೆ ಮಾತ್ರ ನಿಜ ಆಗ್ತೈತೇನ್ರಿ ಸ್ವಾಮಿ?"

"ಬರೀದಿದ್ರೆ ನಿಜಾನೂ ಆಗಲ್ಲ, ಸುಳ್ಳೂ ಆಗಲ್ಲ. ನಿನ್ನ ಜೊತೆ ಹೋಗ್ತದೆ ಅಷ್ಟೆ."

ನಾನು ನಕ್ಕೆ. ಆರು ವರ್ಷ ಕುರಿ ಎಣಿಸಿದವನಿಗೆ ಪೆನ್ಸಿಲ್ ಯಾಕೆ?

ಆಮೇಲೆ ಸಣ್ಣ ಹಳಿ ಕಿತ್ತು ದೊಡ್ಡ ಹಳಿ ಹಾಕುವ ಕೆಲಸ ಬಂತು. ಬಹಳ ದಿನ ರೈಲೇ ಇಲ್ಲ. ರೈಲಿಲ್ಲದ ಸ್ಟೇಷನ್ನಿನಲ್ಲಿ ಏನೇನು ಮಾಡಬಹುದು ಎಂದು ನಮ್ಮೂರಿನವರನ್ನು ಕೇಳಬೇಕು. ಒಬ್ಬ ಶೇಂಗಾ ಒಣಗಿಸಿದ. ಇನ್ನೊಬ್ಬ ಟಿಕೆಟ್ ಕಿಟಕಿಯ ಕೆಳಗೆ ಕೋಳಿಯನ್ನು ಕಾವಿಗೆ ಕೂರಿಸಿದ. ಎಲ್ಲಕ್ಕಿಂತ ಅನುಕೂಲವಾದದ್ದು ನೇಕಾರರಿಗೆ. ರೇಷ್ಮೆ ಸೀರೆ ನೇಯುವ ಮೊದಲು ಉದ್ದದ ಎಳೆಗಳನ್ನೆಲ್ಲ ಎರಡು ತುದಿಗೆ ಬಿಗಿದು ಕಟ್ಟಿ, ಕಡಿದ ಎಳೆ ಜೋಡಿಸಿ ಹದ ಮಾಡುತ್ತಾರೆ. ಅದಕ್ಕೆ ಹಾಸು ಅನ್ನುತ್ತಾರೆ. ಬೀದಿಯಲ್ಲಿ ಹಿಡಿದರೆ ಎಮ್ಮೆ ಅಡ್ಡ ಬರುತ್ತದೆ, ಟ್ರಾಕ್ಟರ್ ಬರುತ್ತದೆ. ಸ್ಟೇಷನ್ನಿನಲ್ಲಿ ರೈಲೂ ಬರುವುದಿಲ್ಲ! ಮೊಳಕಾಲ್ಮೂರು ಕಡೆಯಿಂದ ಬಂದು ನಮ್ಮೂರಲ್ಲಿ ನೆಲೆಸಿದ್ದ ಲಕ್ಷ್ಮಕ್ಕ ಐದು ಸೀರೆಯ ಹಾಸನ್ನು ಮೋರಿ ಕಟ್ಟೆಯ ಕಬ್ಬಿಣದ ಬಳೆಗೆ ಒಂದು ತುದಿ, ಬಾವಿಯ ರಾಟೆ ಕಂಬಕ್ಕೆ ಇನ್ನೊಂದು ತುದಿ ಕಟ್ಟಿ ಹಿಡಿಯುತ್ತಿದ್ದಳು. ಬೆಳಗಿನ ಬಿಸಿಲಿಗೆ ಅದು ಮಿರಮಿರ ಅನ್ನುತ್ತಿತ್ತು. ಹಳಿಗಿಂತ ನೇರವಾಗಿತ್ತು.

ದೊಡ್ಡ ಹಳಿಯ ಮೇಲೆ ಪರೀಕ್ಷೆಗೆ ಮೊದಲ ಎಂಜಿನ್ ಬಂದ ದಿನ ನಾನು ಲಕ್ಷ್ಮಕ್ಕನಿಗೆ ಹೇಳುವುದನ್ನು ಮರೆತೆ. ಅಧಿಕಾರಿಗಳು ಕೆಳಗಿಳಿದು ಸ್ಟೇಷನ್ ಕಡೆ ನಡೆದರೆ ಸೊಂಟದೆತ್ತರಕ್ಕೆ ಹಾಸು ಅಡ್ಡ. ಎಲ್ಲರಿಗಿಂತ ದೊಡ್ಡವರು ಕೈಯಲ್ಲಿ ಸರಿಸಲು ಹೋದರು.

"ಆಗಂಡಿ, ಆಗಂಡಿ! ಮುಟ್ಟಬ್ಯಾಡ್ರಿ! ತಲ ವಂಚಂಡಿ!" ಎಂದು ಲಕ್ಷ್ಮಕ್ಕ ಕೂಗಿಕೊಂಡಳು. ಅವಳಿಗೆ ಗಾಬರಿಯಾದರೆ ತೆಲುಗು ಬರುತ್ತದೆ.

"ಏನಂತಾರೆ?" ಎಂದರು ಸಾಹೇಬರು.

"ತಲೆ ಬಗ್ಸಿ ದಾಟ್ರಿ ಅಂತಾಳೆ ಸಾರ್" ಎಂದೆ.

ಬಗ್ಗಿಸಿದರು. ಹಿಂದಿದ್ದ ಏಳು ಜನರೂ ಒಬ್ಬರ ಹಿಂದೊಬ್ಬರು ಬಗ್ಗಿ ದಾಟಿದರು. ಅನಂತಯ್ಯನವರು ಮಾತ್ರ ಟೋಪಿ ತೆಗೆದು ಕೈಯಲ್ಲಿ ಹಿಡಿದು ದಾಟಿದರು. ಅಧಿಕಾರಿಗಳು ಹೋದ ಮೇಲೆ ನನಗೆ ಬಿದ್ದ ಬೈಗುಳವನ್ನು ಅವರೂ ಬರೆದಿಡಲಿಲ್ಲ.

ಹಳಿಯ ಆಚೆ ಬದಿಗೆ ಹೊಸ ಸ್ಟೇಷನ್ ಎದ್ದಿತು. ಹಳೆಯದನ್ನು ಕೆಡವಿ, ಆ ಮಣ್ಣುಕಲ್ಲನ್ನು ಗೋಣಿಚೀಲದಲ್ಲಿ ತುಂಬಿ ಬಾವಿ ಮುಚ್ಚಬೇಕು ಎಂದು ಆರ್ಡರ್ ಆಯಿತು. ಉಸ್ತುವಾರಿ ನನ್ನದು. ಗಂಟೆಯನ್ನು ಕೊಕ್ಕೆಯಿಂದ ಇಳಿಸಿ, ಹೊಸ ಸ್ಟೇಷನ್ನಿಗೆ ಒಯ್ಯುವವರೆಗೂ ಯಾರೂ ಕದಿಯದಿರಲಿ ಎಂದು ನಾನೇ ಒಂದು ಗೋಣಿಚೀಲದಲ್ಲಿ ಹಾಕಿ, ಮೇಲೆ ನಾಲ್ಕು ಕಲ್ಲು ತುಂಬಿ ಗೋಡೆಗೆ ಒರಗಿಸಿಟ್ಟೆ. ನನ್ನಷ್ಟು ಜಾಣ ಬೇರೆ ಯಾರಿದ್ದಾರೆ ಎಂದು ಆ ಗಳಿಗೆಯಲ್ಲಿ ಅನ್ನಿಸಿತ್ತು.

ಮಧ್ಯಾಹ್ನದ ಹೊತ್ತಿಗೆ ಕೂಲಿಯವರ ಕೈ ನಿಧಾನವಾಯಿತು. "ಚೀಲ ಎತ್ತೋದು ಹಿಂಗಲ್ಲ ಕಣ್ರೋ, ನೋಡ್ರಿಲ್ಲಿ!" ಎಂದು ಗೋಡೆ ಪಕ್ಕದ ಎಲ್ಲಕ್ಕಿಂತ ಭಾರದ ಚೀಲವನ್ನು ಭುಜಕ್ಕೇರಿಸಿ, ನಾಲ್ಕು ಹೆಜ್ಜೆ ಓಡಿ, ಬಾವಿಗೆ ಬಿಟ್ಟೆ.

ಒಳಗಿನಿಂದ ಟಣ್ ಅಂತ ಕೇಳಿಸಿತು.

ಅಷ್ಟು ಸ್ಪಷ್ಟವಾಗಿ ಆ ಗಂಟೆ ಯಾವತ್ತೂ ಹೊಡೆದಿರಲಿಲ್ಲ. ಕೂಲಿಯವರು ನನ್ನ ಮುಖ ನೋಡಿದರು. "ಒಳಗೆ ಹಳೇ ಪೈಪು ಐತೆ" ಎಂದೆ. ಮುಂದಿನ ಇಪ್ಪತ್ತು ಚೀಲವನ್ನು ಒಬ್ಬನೇ ಎತ್ತಿ ಹಾಕಿದೆ. ಸಂಜೆಗೆ ಬಾವಿಯ ಬಾಯಿಗೆ ಕಲ್ಲುಚಪ್ಪಡಿ ಹೊದಿಸಿ ಮೇಲೆ ಮಣ್ಣೆಳೆದಾಗ, ಇವನಂಥ ಕೆಲಸಗಾರ ಇಲ್ಲ ಎಂದು ಎಲ್ಲರೂ ಹೊಗಳಿದರು.

ಹೇಳಬಹುದಿತ್ತು. ಆದರೆ ನೌಕರಿ ಕಾಯಂ ಆಗಿ ನಾಲ್ಕು ತಿಂಗಳಾಗಿತ್ತು, ಅದು ಸರ್ಕಾರದ ಹಿತ್ತಾಳೆ. ಅನಂತಯ್ಯನವರು 'ಗಂಟೆ ಕಾಣೆಯಾಗಿದೆ' ಎಂದು ಬರೆದರು. ನಾನು ತಲೆ ಆಡಿಸಿದೆ. ಅಲ್ಲಿಗೆ ಮುಗಿಯುತ್ತಿತ್ತೋ ಏನೋ, ಆದರೆ ಅದೇ ವಾರ ಸ್ಟೇಷನ್ ಎದುರಿನ ಟೀ ಅಂಗಡಿ ರುದ್ರಣ್ಣ ಬಳ್ಳಾರಿಯಿಂದ ಹೊಸ ಹಿತ್ತಾಳೆ ಪಾತ್ರೆ ತಂದ!

ರುದ್ರಣ್ಣ ನನ್ನ ವಾರಿಗೆಯವನು. ದಿನಾ ಮೂರು ಸಲ ಅವನ ಟೀ ಕುಡಿಯುತ್ತಿದ್ದೆ. ಗಂಟೆ ಕರಗಿಸಿ ಪಾತ್ರೆ ಹುಯ್ಸಿದಾನೆ ಎಂದು ಮೊದಲು ಯಾರು ಅಂದರೋ ಗೊತ್ತಿಲ್ಲ. ಎರಡು ದಿನದಲ್ಲಿ ಅವನು 'ಗಂಟೆ ರುದ್ರಣ್ಣ' ಆಗಿಬಿಟ್ಟ. ಟೀ ಕುಡಿದವರು ಗ್ಲಾಸಿನಿಂದ ಪಾತ್ರೆಗೆ ಬಡಿದು, "ರೈಲು ಹೊರಟ್ತು, ಏಳ್ರಪ್ಪೋ!" ಅನ್ನುತ್ತಿದ್ದರು. ಅವನು ಬಳ್ಳಾರಿ ಅಂಗಡಿಯ ಚೀಟಿ ತೋರಿಸಿದ. "ಚೀಟಿ ಮಾಡ್ಸೋದೇನು ಕಷ್ಟನಾ?" ಎಂದರು. ಅವನು ನನ್ನ ಕಡೆ ತಿರುಗಿ, "ಲೇ ತಿಪ್ಪಾ, ನೀನಾದ್ರೂ ಹೇಳಲೇ, ನಾನು ಅಂಥೋನಾ?" ಅಂದ. "ಇರ್ಲಿ ಬಿಡೋ, ತಮಾಷೆಗಂತಾರೆ" ಎಂದೆ. ನನ್ನ ನೌಕರಿಯಲ್ಲಿ ನಾನು ಆಡಿದ ಅತಿ ಕೆಟ್ಟ ಮಾತು ಅದು.

ತಮಾಷೆ ಮೂವತ್ತು ವರ್ಷ ನಡೆಯಿತು. ರುದ್ರಣ್ಣನ ಮಗಳನ್ನು ನೋಡಲು ಬಂದ ಗಂಡಿನ ಕಡೆಯ ಹಿರಿಯರು ಬಸ್ಸಿಳಿದು, "ಗಂಟೆ ರುದ್ರಣ್ಣೋರ ಮನೆ ಯಾವ್ದು?" ಎಂದು ಅವನನ್ನೇ ಕೇಳಿದರಂತೆ. "ಬರ್ರಿ, ತೋರಿಸ್ತೀನಿ" ಎಂದು ಮನೆಗೆ ಕರೆದುಕೊಂಡು ಹೋದನಂತೆ. ಇದನ್ನು ಅವನೇ ನಗುತ್ತ ಹೇಳಿದ. ನಾನೂ ನಕ್ಕೆ. ಉಳಿದ ಟೀ ಬಿಟ್ಟು ಎದ್ದೆ.

ಅಷ್ಟರಲ್ಲಿ ಕೆಲಸದ ರೀತಿಯೇ ಬದಲಾಗಿತ್ತು. ಕೈಯಿಂದ ಎಳೆಯುವ ಸಿಗ್ನಲ್ ಹೋಗಿ ಬಣ್ಣದ ದೀಪ ಬಂತು. ಗಂಟೆಯ ಜಾಗಕ್ಕೆ ಮೈಕು ಬಂತು. ಅದರೊಳಗಿನ ಹೆಂಗಸು ಮೂರು ಭಾಷೆಯಲ್ಲಿ ತಾಳ್ಮೆಯಿಂದ ಹೇಳುತ್ತಾಳೆ, ಯಾರೂ ಕೇಳುವುದಿಲ್ಲ. ಅವಳ ಮಾತು ಕೇಳಿ ಯಾರೂ ಎಸರಿಡುವುದಿಲ್ಲ.

ನನ್ನ ನಿವೃತ್ತಿಗೆ ಮೂರು ತಿಂಗಳಿರುವಾಗ ಸ್ಟೇಷನ್ನನ್ನು ಮತ್ತೆ ಕಟ್ಟುವ ಕೆಲಸ ಶುರುವಾಯಿತು. ಊರಿನ ಜನ ಹಳಿ ದಾಟುವುದು ಬೇಡ ಎಂದು ಈ ಸಲ ಹಳೆಯ ಬದಿಯಲ್ಲೇ ಕಟ್ಟಡ. ಇಂಜಿನಿಯರ್ ಶ್ವೇತಾ ಮೇಡಂ ಧಾರವಾಡದ ಕಡೆಯವರು, ನನ್ನ ಮಗಳಿಗಿಂತ ಚಿಕ್ಕವರು. ಸುಣ್ಣದ ಪುಡಿಯಲ್ಲಿ ಗೆರೆ ಹಾಕಿಸಿದರು. ನೋಡಿದೆ. ಪ್ರಯಾಣಿಕರು ಕೂರುವ ಹಾಲು ಸರಿಯಾಗಿ ನನ್ನ ಬಾವಿಯ ಮೇಲೆ ಬರುತ್ತಿತ್ತು.

ಸಡಿಲ ಮಣ್ಣು, ಕೊಳೆತ ಚೀಲ, ಮೇಲೊಂದು ಚಪ್ಪಡಿ. ಅದರ ಮೇಲೆ ಕಟ್ಟಡ. ಅದರೊಳಗೆ ಈರುಳ್ಳಿ ಮೂಟೆ, ಸೀರೆ ಗಂಟು ಇಟ್ಟುಕೊಂಡು ಕೂತ ಜನ. ಬಾವಿ ಐತೆ ಎಂದರೆ ಅಗೆಯುತ್ತಾರೆ, ಅಗೆದರೆ ಗಂಟೆ ಸಿಗುತ್ತದೆ. ಹೇಳದಿದ್ದರೆ ಮೂರು ತಿಂಗಳಲ್ಲಿ ಹಾರ ಹಾಕಿಸಿಕೊಂಡು ಮನೆಗೆ ಹೋಗಬಹುದು. ಎರಡು ದಿನ ಯೋಚಿಸಿದೆ. ಅದಕ್ಕೆ ಎರಡು ದಿನ ಬೇಕಾಯಿತು ಎನ್ನುವುದೇ ನಾಚಿಕೆ. ಮೂರನೇ ದಿನ ಬಾವಿಯ ವಿಷಯ ಹೇಳಿದೆ. ಗಂಟೆಯ ವಿಷಯ ಹೇಳಲಿಲ್ಲ.

"ಡ್ರಾಯಿಂಗ್‌ನಾಗ ಬಾವಿ ಇಲ್ಲಲ್ರೀ, ತಿಪ್ಪೇಸ್ವಾಮಿಯವರ?"

"ಡ್ರಾಯಿಂಗ್ ಬರ್ದೋರು ನೀರು ಸೇದಿರಲಿಲ್ಲ ಮೇಡಂ. ನಾನು ಸೇದಿದೀನಿ."

ಅವರು ನಗಲಿಲ್ಲ. "ಎಲ್ಲಿ ಐತಿ ತೋರಸ್ರಿ. ಒಂದು ತಾಸು ಜೆಸಿಬಿ ಕೊಡತೀನಿ. ಸಿಗಲಿಲ್ಲಂದ್ರ ಸೋಮವಾರ ಕಾಂಕ್ರೀಟ್ ಹಾಕಬೇಕಾಗತೈತಿ" ಎಂದರು.

ಸುದ್ದಿ ಹಬ್ಬಿ ಅರ್ಧ ಊರು ಸೇರಿತು. ನಾನು ಮೋರಿಯಿಂದ ಎಣಿಸುತ್ತ ಬಂದೆ. ಜನ ನೋಡುತ್ತಿದ್ದಾರೆಂದು ಸ್ವಲ್ಪ ಗಟ್ಟಿಯಾಗಿಯೇ ಎಣಿಸಿದೆ. ಮೂವತ್ತೆಂಟು, ಮೂವತ್ತೊಂಬತ್ತು, ನಲವತ್ತು. ಅಲ್ಲಿಂದ ಒಳಗೆ ಎಂಟು ಹೆಜ್ಜೆ. "ಇಲ್ಲಿ" ಎಂದು ಹಿಮ್ಮಡಿ ಊರಿದೆ. ಜೆಸಿಬಿ ಅಗೆಯಿತು. ಗಟ್ಟಿ ಮಣ್ಣು. ಆಳಿನುದ್ದ ಅಗೆದರೂ ಯಾರೂ ಮುಟ್ಟದ ಗಟ್ಟಿ ಮಣ್ಣು. "ಒಂದೆರಡು ಸ್ಲೀಪರ್ ಈಚೆಗೆ ನೋಡಾನ" ಎಂದೆ. ಅಲ್ಲೂ ಅದೇ.

ಜನರ ನಡುವಿನಿಂದ ರುದ್ರಣ್ಣ ಕೂಗಿದ: "ಲೇ ತಿಪ್ಪಾ! ಬಾವಿನೂ ನಾನೇ ಕದ್ದೆ ಅಂತ ಬರಸ್ಬಿಡಲೇ!"

ಜನ ನಕ್ಕ ನಗೆಗೆ ಹುಣಸೆಮರದ ಕಾಗೆ ಎದ್ದವು. ನನ್ನ ಕಿವಿ ಬಿಸಿಯಾಯಿತು. ನಿಜ ಹೇಳಬೇಕೆಂದರೆ, ಆ ನಗೆಯ ನಡುವೆ ಒಂದು ಕ್ಷಣ ಒಳಗೊಳಗೇ ನೆಮ್ಮದಿಯೂ ಆಯಿತು. ಗಂಟೆ ಸಿಗಲಿಲ್ಲವಲ್ಲ ಎಂದು. ಮರುಕ್ಷಣವೇ ಹಾಲಿನಲ್ಲಿ ಕೂರುವ ಜನ ಕಣ್ಣಮುಂದೆ ಬಂದರು.

ಮರುದಿನ ಬೆಳಗಿನ ರೈಲಿಗೆ ಲಕ್ಷ್ಮಕ್ಕ ಬಂದಳು. ಈಗ ಬೆನ್ನು ಬಾಗಿದೆ, ಬಾಯಿ ಬಾಗಿಲ್ಲ. ನೇಯ್ದ ಸೀರೆಗಳ ಗಂಟನ್ನು ಅಂಗಡಿಗೆ ಕೊಡಲು ಹೊರಟಿದ್ದಳು. ಗುಂಡಿ ಎರಡನ್ನೂ ನೋಡಿ, "ಏಮಯ್ಯಾ ತಿಪ್ಪೇಸ್ವಾಮಿ, ಹೆಗ್ಗಣ ಹಿಡಿಯಾಕ ಹೊಂಟಿದೀಯಾ?" ಎಂದಳು.

"ಬಾವಿ ಹುಡುಕ್ತಿದೀನಿ ಲಕ್ಷ್ಮಕ್ಕ. ನಲವತ್ತನೇ ಸ್ಲೀಪರ್ ಹತ್ರ ಇತ್ತು. ಸಿಗ್ತಾ ಇಲ್ಲ."

ಅವಳು ಹಳಿಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು. "ಯಾವ ಸ್ಲೀಪರು? ಆವಾಗಿನ ಕಟ್ಟಿಗೇದಾ, ಈಗಿನ ಕಾಂಕ್ರೀಟಿಂದಾ?"

ನಾನು ಬಗ್ಗಿ ಹಳಿಯ ಕೆಳಗೆ ನೋಡಿದೆ. ಹಳೆಯ ಮರದ ಸ್ಲೀಪರುಗಳನ್ನು ದೂರ ದೂರ ಹಾಕುತ್ತಿದ್ದರು, ಈಗಿನವನ್ನು ಒತ್ತೊತ್ತಾಗಿ ಹಾಕುತ್ತಾರೆ. ಹಾಕಿದವರಲ್ಲಿ ನಾನೂ ಒಬ್ಬ! ಕೆಳಗಿನ ತೊಲೆಗಳನ್ನೆಲ್ಲ ನನ್ನ ಕೈಯಾರೆ ಬದಲಿಸಿ, ಮೇಲೆ ಹಳೇ ಎಣಿಕೆ ಹಿಡಿದುಕೊಂಡು ನಿಂತಿದ್ದೆ.

"ನಿನ್ನ ಹಳಿ ಬದಲಾತು. ನನ್ನ ಸೀರೆ ಬದಲಾಗಿಲ್ಲ" ಎಂದು ಲಕ್ಷ್ಮಕ್ಕ ಗಂಟು ಬಿಚ್ಚಿದಳು. "ಐದು ಸೀರೆ ಹಾಸು ಮೋರಿ ಬಳೆಯಿಂದ ರಾಟೆ ಕಂಬಕ್ಕೆ ಸರಿಯಾಗ್ತಿತ್ತು. ಹಗ್ಗ ಕಟ್ಟೋಕೆ ಆ ಕಡೆ ಒಂದು ಮೊಳ, ಈ ಕಡೆ ಒಂದು ಮೊಳ. ಹಿಡೀರಿ. ನೆಲಕ್ಕೆ ತಾಗ್ಸಿದ್ರೆ ಯಾರನ್ನೂ ಬಿಡಲ್ಲ."

ರೈಲಿಗೆ ಕಾಯುತ್ತಿದ್ದ ಹೆಂಗಸರು ಎದ್ದು ಬಂದರು. ಮೋರಿಯಿಂದ ಶುರುಮಾಡಿ ಐದು ರೇಷ್ಮೆ ಸೀರೆಗಳನ್ನು ತುದಿಗೆ ತುದಿ ಸೇರಿಸಿ, ನೆಲ ಮುಟ್ಟದಂತೆ ಎತ್ತಿ ಹಿಡಿದರು. ಹಸಿರು, ಕುಂಕುಮ, ನೇರಳೆ, ಹಳದಿ, ಮತ್ತೆ ಹಸಿರು. ಶ್ವೇತಾ ಮೇಡಂ ಓಡಿ ಬಂದು ಟೇಪು ಹಿಡಿದು, ಈಗಿನ ಎರಡು ಸ್ಲೀಪರ್ ನಡುವಿನ ಅಂತರ ಅಳೆದರು. ಹಳೆಯದು ಎಷ್ಟಿತ್ತೆಂದು ಕೇಳಿದರು. ನಾನು ಕೈ ಚಾಚಿ ತೋರಿಸಿದೆ, ಅದನ್ನೂ ಅಳೆದರು. ಫೋನಿನಲ್ಲಿ ಲೆಕ್ಕ ಒತ್ತಿ, "ತಾಳೆ ಆಗತೈತ್ರೀ" ಎಂದರು. ಐದನೇ ಸೀರೆಯ ಸೆರಗು ನನ್ನ ಮೊದಲ ಗುಂಡಿಯಿಂದ ಎಂಟು ಹೆಜ್ಜೆ ಆಚೆ ನಿಂತಿತ್ತು.

ಆಗ ರೈಲು ಬಂತು. ಲಕ್ಷ್ಮಕ್ಕನ ಸೀರೆ ಮಡಿಸಿ ಮುಗಿಯುವವರೆಗೂ ಡ್ರೈವರ್ ನಮ್ಮನ್ನೇ ನೋಡುತ್ತಿದ್ದ. ಏನೆಂದು ಕೇಳುವ ಧೈರ್ಯ ಮಾಡಲಿಲ್ಲ.

ಜೆಸಿಬಿಗೆ ಮತ್ತೆ ಹೇಳಿಕಳಿಸಿದರು. ಅದು ಬರುವಷ್ಟರಲ್ಲಿ ನಾನು ರುದ್ರಣ್ಣನ ಅಂಗಡಿಗೆ ಹೋದೆ. ಅವನು ಎಂದಿನಂತೆ ಟೀ ಸುರಿದು ಗ್ಲಾಸು ಕೈಗೆ ಕೊಟ್ಟ.

"ರುದ್ರಣ್ಣ, ಆ ಬಾವಿ ಸಿಕ್ರೆ ಗಂಟೆನೂ ಸಿಗತೈತೆ."

"ಯಾವ ಗಂಟೆ?"

"ಅದೇ ಗಂಟೆ. ನಾನೇ ಎಸೆದಿದ್ದು. ಗೊತ್ತಿಲ್ದೆ ಎಸೆದೆ. ಗೊತ್ತಾದ ಮೇಲೂ ಹೇಳ್ಲಿಲ್ಲ."

ಅವನು ಸ್ಟೌವ್ ಸಣ್ಣ ಮಾಡಿದ. ನನ್ನ ಕೈಯಿಂದ ಗ್ಲಾಸು ತೆಗೆದುಕೊಂಡ. ಟೀಯನ್ನು ವಾಪಸ್ ಆ ಹಿತ್ತಾಳೆ ಪಾತ್ರೆಗೇ ಸುರಿದ. ಒಂದು ಹನಿಯೂ ಬಿಡಲಿಲ್ಲ. ಆಮೇಲೆ ಹೆಗಲ ಮೇಲಿನ ಟವಲು ಕೊಡವಿ, ಅಂಗಡಿ ಹಾಗೇ ಬಿಟ್ಟು, ಗುಂಡಿಯ ಕಡೆ ನಡೆದ.

ಬಾವಿ ಸಿಕ್ಕಿತು. ಚಪ್ಪಡಿ ಸರಿಸಿದಾಗ ಕೆಳಗೆ ಒಂದಾಳು ಟೊಳ್ಳು. ಮಣ್ಣೆಲ್ಲ ಅಷ್ಟು ಕುಸಿದಿತ್ತು. ಶ್ವೇತಾ ಮೇಡಂ ಅಂಚಿನಲ್ಲಿ ನಿಂತು ನೋಡಿ ಎರಡು ಹೆಜ್ಜೆ ಹಿಂದೆ ಸರಿದರು. ಆ ಸಡಿಲ ಮಣ್ಣನ್ನೆಲ್ಲ ತೆಗೆಯಲು ಎರಡು ದಿನ ಬೇಕಾಯಿತು. ರುದ್ರಣ್ಣ ಎರಡು ದಿನವೂ ಅಂಗಡಿ ಮುಚ್ಚಿ ಅಲ್ಲೇ ಕೂತಿದ್ದ, ನನ್ನ ಜೊತೆ ಮಾತಿಲ್ಲ. ಎರಡನೇ ದಿನ ಮಧ್ಯಾಹ್ನ ಬಕೆಟ್ಟಿನಿಂದ ಕಲ್ಲಿನ ಜೊತೆ ಕಪ್ಪಗಿನ ಒಂದು ಉಂಡೆ ಉರುಳಿತು. ಕಲ್ಲು ತಾಗಿ ಟಣ್ ಅಂದಿತು.

ಅವನು ಅದನ್ನು ಮಗುವಿನಂತೆ ಎತ್ತಿಕೊಂಡು ಅಂಗಡಿಗೆ ಒಯ್ದ. ಹುಣಸೆಹಣ್ಣು ಹಾಕಿ ತಿಕ್ಕಿದ. ಹೊಳೆಯುವವರೆಗೂ ತಿಕ್ಕಿದ. ಆಮೇಲೆ ಪಾತ್ರೆ ಖಾಲಿ ಮಾಡಿ, ಎರಡನ್ನೂ ಅಕ್ಕಪಕ್ಕ ತೂಗುಹಾಕಿ, ಸೌಟಿನಿಂದ ಒಂದಕ್ಕೆ ಹೊಡೆದ, ಇನ್ನೊಂದಕ್ಕೆ ಹೊಡೆದ.

"ಕೇಳ್ರಪ್ಪಾ ಎಲ್ರೂ! ಇದರ ಸದ್ದು ಬ್ಯಾರೆ! ಅದರ ಸದ್ದು ಬ್ಯಾರೆ!"

ಮತ್ತೆ ಹೊಡೆದ. ಊರಿನ ಕೊನೆಯ ಮನೆಯಿಂದ ಒಬ್ಬ ಮುದುಕಿ ಕೈಚೀಲ ಹಿಡಿದು ಓಡಿ ಬಂದಳು. ರೈಲು ಬಂತೆಂದುಕೊಂಡಿದ್ದಳು.

ನನ್ನ ನಿವೃತ್ತಿಯ ದಿನ ಹಾರ ಹಾಕಿದ ಮೇಲೆ ಎರಡು ಮಾತಾಡು ಎಂದರು. ಚೀಲ ಎತ್ತಿದ್ದರಿಂದ ಶುರುಮಾಡಿ ಎಲ್ಲವನ್ನೂ ಹೇಳಿದೆ. ಜನ ಎಲ್ಲಿ ನಗಬೇಕೋ ಅಲ್ಲಿ ನಕ್ಕರು, ಗಂಡಿನ ಕಡೆಯವರ ಮಾತು ಬಂದಾಗ ಯಾರೂ ನಗಲಿಲ್ಲ. ಹಿಂದಿನ ಸಾಲಿನಲ್ಲಿ ಕೂತಿದ್ದ ರುದ್ರಣ್ಣ ಮುಗಿಯುವವರೆಗೂ ಕೇಳಿ ಎದ್ದು ಹೋದ. ಮರುದಿನ ಅಂಗಡಿಯ ಮುಂದೆ ಹಾಯುವಾಗ, "ಲೇ ಬಾವಿ ತಿಪ್ಪಣ್ಣ, ಬಾರಲೇ" ಎಂದು ಕೂಗಿದ. ಊರವರು ಆಗಿನಿಂದ ಅದನ್ನೇ ಹಿಡಿದಿದ್ದಾರೆ. ಇರಲಿ. ಹೆಸರಿನ ಭಾರ ಹೊರಲು ಈಗ ನನ್ನ ಸರದಿ.

ಹಾಲನ್ನು ಹನ್ನೆರಡು ಹೆಜ್ಜೆ ಸರಿಸಿ ಕಟ್ಟಿದರು. ಗಂಟೆ ಹೊಸ ಸ್ಟೇಷನ್ನಿನ ಬಾಗಿಲಲ್ಲಿ ತೂಗುತ್ತದೆ, ಕೆಲಸವೇನೂ ಇಲ್ಲ. ಶ್ವೇತಾ ಮೇಡಂ ಡ್ರಾಯಿಂಗಿನಲ್ಲಿ ಒಂದು ಸಣ್ಣ ಸುತ್ತು ಹಾಕಿ 'ಹಳೇ ಬಾವಿ' ಎಂದು ಬರೆದು, ಅದರ ಪಕ್ಕ ನನ್ನ ಸಹಿ ಹಾಕಿಸಿಕೊಂಡರು. ಹುಡುಗರೇ, ಕೆಲಸಕ್ಕೆ ಸೇರಿದ ದಿನವೇ ಒಂದು ಪೆನ್ಸಿಲ್ ಇಟ್ಟುಕೊಳ್ಳಿ. ಏನಾದರೂ ಕೈಜಾರಿ ಬಿದ್ದರೆ ಅದೇ ದಿನ ಹೇಳಿಬಿಡಿ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಒಂದು ಪಿಂಚಣಿ. ಒಂದು ಹಸಿರು ಬಾವುಟ, ಒಂದು ಸೀಟಿ. ನೋಯದ ಮೊಣಕಾಲು ಒಂದು, ನೋಯುವುದು ಒಂದು. ಹದಿನಾಲ್ಕು ಕುರಿ, ನಿನ್ನೆ ಸಂಜೆ ಎಣಿಸಿ ಬರೆದಿಟ್ಟದ್ದು. ರುದ್ರಣ್ಣನ ಅಂಗಡಿಯಲ್ಲಿ ನನ್ನದೇ ಅಂತ ಒಂದು ಗ್ಲಾಸು. ಅದರಲ್ಲಿ ಅರ್ಧ ಟೀ.